ತಟ್ಟೆಗೆ ಬಾರದ ಹಂದಿ ಹೊಟ್ಟೆಗೆ ಬಂತು

ಜಿಲ್ಲೆಯ ಆರೋಗ್ಯದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ಹಂದಿ ಮಾಂಸ ಮೈಗೆ ಆಗದು ಎಂದು ಬಾಯಿಬಿಟ್ಟು ಹೇಳಿದ ನನ್ನ ಹೆಂಡತಿ ಸರೋಜಳ ಹೊಟ್ಟೆಯೊಳಗೆ, ತಮ್ಮ ಪರವಾನಗಿ ಪಡೆದ ಖಾಸಗಿ ಆಸ್ಪತ್ರೆಯೊಂದು ಹಂದಿ ಚರ್ಮದಿಂದ ತಯಾರಿಸಿದ ಹಾಳೆ ಇಟ್ಟು ಹೊಲಿದಿದೆ. ಅದನ್ನು ಹೇಳಿಕೊಳ್ಳಲು ಬಂದಾಗ ತಾವು ಕೊಟ್ಟ ಉತ್ತರ ನೆನೆದರೆ ನನಗೆ ಈಗಲೂ ಹೇಸಿಗೆಯಾಗುತ್ತದೆ.

ನಮ್ಮದು ಭಾಗಮಂಡಲದ ಕಡೆಯ ಏಲಕ್ಕಿ ತೋಟ. ಉಣ್ಣಿ ಕಚ್ಚುವುದು ಹೊಸತಲ್ಲ. ಆದರೆ ಒಂದು ಬೇಸಿಗೆಯಲ್ಲಿ ಉಣ್ಣಿ ಕಚ್ಚಿದ ಮೇಲೆ, ಹಂದಿ ತಿಂದಾಗಲೆಲ್ಲ ಸರೋಜಳಿಗೆ ಗಂಧೆ ಏಳತೊಡಗಿತು, ಉಸಿರು ಕಟ್ಟತೊಡಗಿತು. ಹಂದಿ ಸಾರಿಲ್ಲದೆ ಮದುವೆಯೂಟ ಮುಗಿಯದ ಊರು ನಮ್ಮದು. ಬಕೆಟ್ ಹಿಡಿದು ಬಡಿಸುವವರೂ ಅವಳ ಎಲೆ ನೋಡಿ, "ಅಕ್ಕನಿಗೆ ಬೇಡ" ಎಂದು ಮುಂದೆ ಹೋಗುತ್ತಾರೆ.

ಸಡಿಲಗೊಂಡ ಹೊಟ್ಟೆಯ ಪದರಕ್ಕೆ ತೇಪೆ ಹಚ್ಚುವ ಹರ್ನಿಯಾ ಆಪರೇಷನ್‌ಗೆ ಸೇರಿಸಿದ ದಿನ ಅವಳೇ ಹೇಳಿದಳು: "ಸಿಸ್ಟರ್, ನಂಗೆ ಹಂದಿ ಆಗುದಿಲ್ಲ. ಮೈಯೆಲ್ಲ ಗಂಧೆ ಏಳ್ತದೆ."

"ಆಯ್ತಕ್ಕ, ಕ್ಯಾಂಟೀನಿಗೆ ಹೇಳ್ತೇನೆ."

ಹೇಳಿದರು ಕೂಡ. ಮೂರು ಹೊತ್ತೂ ಗಂಜಿ ಬಂತು. ಕ್ಯಾಂಟೀನಿಗೆ ಮುಟ್ಟಿದ ಸುದ್ದಿ ಥಿಯೇಟರಿಗೆ ಮಾತ್ರ ಮುಟ್ಟಲಿಲ್ಲ. ಆಪರೇಷನ್ ಆದದ್ದೇ ತುಟಿ ಊದಿತು, ಗಂಧೆ ಎದ್ದಿತು, ಗಾಯ ಒಣಗಲೇ ಇಲ್ಲ. "ಔಷಧಿಯ ಉಷ್ಣ" ಎಂದರು ಅಲ್ಲಿನ ಪಂಡಿತ ಡಾಕ್ಟರರು. ಒಳಗೆ ಇಟ್ಟದ್ದೇನು ಎಂದು ಆಸ್ಪತ್ರೆಯಿಂದ ಕೇಳಿ ತಿಳಿದು, ಉಣ್ಣಿ ಕಚ್ಚಿದ ಕೆಲವರ ಮೈಗೆ ಹಂದಿ, ದನದಂಥ ಪ್ರಾಣಿಗಳದ್ದು ಆಗದಂತಾಗುತ್ತದೆ ಎಂದು ಬಿಡಿಸಿ ಹೇಳಿದವರು ಮಂಗಳೂರಿನ ಅಲರ್ಜಿ ವೈದ್ಯೆ. ದನದ ಚರ್ಮದಿಂದ ಮಾಡಿದ ಹಾಳೆಯೂ ಇವಳಿಗೆ ಆಗದಿರಬಹುದು ಎಂದು ಎಚ್ಚರಿಸಿದರು.

ಇಷ್ಟನ್ನೂ ಕೇಳಿದ ತಾವು ಕುರ್ಚಿಗೊರಗಿ ನಕ್ಕಿರಿ. "ಕೊಡಗಿನವರಿಗೆ ಹಂದಿ ಆಗುದಿಲ್ಲ ಅಂದ್ರೆ ಯಾರು ನಂಬ್ತಾರೆ ಗುರುವಪ್ಪ? ಊಟದ ವಿಷಯ ಬೇರೆ, ಆಪರೇಷನ್ ವಿಷಯ ಬೇರೆ." ಹೌದೇ ಸ್ವಾಮಿ? ಬಾಯಿಂದ ಹೋದರೆ ಹಂದಿ, ಕತ್ತರಿಯಿಂದ ಹೋದರೆ ವಿಜ್ಞಾನವೇ? ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯ್ದ ದನದ ಪರ ಬೇಲಿ ವಕೀಲಿಕೆ ಮಾಡುವುದನ್ನು ತಮ್ಮ ಕಚೇರಿಯಲ್ಲಿ ಕಂಡೆ. ಅಸಹ್ಯವಾಯಿತು.

ಈಗ ಆ ಹಾಳೆ ತೆಗೆದು ಬೇರೆಯದನ್ನು ಇಡಬೇಕಂತೆ. ಯಾವುದು ಎಂದು ಕೇಳಿದರೆ ಆಸ್ಪತ್ರೆಯವರ ಉತ್ತರ, "ಅದೆಲ್ಲ ನಿಮಗೆ ಅರ್ಥ ಆಗುದಿಲ್ಲ." ಸರೋಜ ಆಸ್ಪತ್ರೆಗೆ ಹೊರಡಲು ಒಪ್ಪುತ್ತಿಲ್ಲ. "ಎಂಥ ಹಾಕುದುಂತ ನಂಗೆ ಗೊತ್ತಾಗ್ಬೇಕು" ಎಂಬುದೊಂದೇ ಅವಳ ಮಾತು.

ಒಳಗೆ ಇಡುವ ವಸ್ತು ಯಾವ ಪ್ರಾಣಿಯದು ಎಂದು ರೋಗಿಗೆ ಅರ್ಥವಾಗುವ ಮಾತಿನಲ್ಲೇ ಹೇಳಿ, ಅದು ಮೈಗೆ ಆಗುತ್ತದೆಯೇ ಎಂದು ಕೇಳದೆ ಯಾರೂ ಕತ್ತರಿ ಹಿಡಿಯಬಾರದೆಂದು ಆದೇಶಿಸಿ. ಮೊದಲು ನನ್ನ ಹೆಂಡತಿಗೆ ಉತ್ತರ ಕೊಡಿಸಿ. ತಡವಾದರೆ ಗಾಯ ನಂಜೇರಿ ಜೀವಕ್ಕೆ ಅಪಾಯವೆಂದು ಅವಳಿಗೆ ಗೊತ್ತು. ಆದರೂ ಮನೆಯಲ್ಲೇ ಕೂತಿದ್ದಾಳೆ. ಸಾವಿಗಿಂತ ತಮ್ಮ ಪರವಾನಗಿಯ ಆಸ್ಪತ್ರೆಯವರೆಂದರೆ ಅವಳಿಗೆ ಹೆಚ್ಚು ಭಯ.

ಇಂತಿ,
ಹೆಂಡತಿಯನ್ನು ನಂಬಿಸಿ ಆಸ್ಪತ್ರೆಗೆ ಕರೆದೊಯ್ದು, ಈಗ ಮತ್ತೆ ನಂಬಿಸಲು ಬಾಯಿ ಬಾರದ
ಗುರುವಪ್ಪ