ದುರ್ಗಮ್ಮನ ರುಜು

೧೪ ಜುಲೈ, ಸೋಮವಾರ

ಅಪ್ಪ ತೀರಿಕೊಂಡು ಆರು ತಿಂಗಳಾದರೂ ಜಮೀನಿನ ಖಾತೆ ನನ್ನ ಹೆಸರಿಗೆ ಆಗಿಲ್ಲ. ವಂಶವೃಕ್ಷಕ್ಕೆ ಸಾಕ್ಷಿ ಹೇಳಲು ಬಂದ ಅಂಜಿನಪ್ಪ, "ದುರ್ಗಮ್ಮ ಸತ್ತು ಮೂವತ್ತು ವರ್ಷ ಆಯ್ತು ಕಣ್ರೀ, ತಿಥಿ ಊಟ ನಾನೇ ಉಂಡಿದೀನಿ" ಎಂದುಬಿಟ್ಟ. ಗ್ರಾಮಲೆಕ್ಕಿಗರು ಮರಣಪತ್ರ ಕೇಳಿದರು. ಎಲ್ಲಿಂದ ತರಲಿ? ತಂಗಿ ದುರ್ಗಮ್ಮ ಬೇರೆ ಜಾತಿಯವನನ್ನು ಮದುವೆಯಾದಳೆಂದು ಅಪ್ಪ ಬದುಕಿದ್ದ ಮಗಳ ತಿಥಿ ಮಾಡಿಸಿದ್ದ.

ಇವತ್ತು ತರೀಕೆರೆಗೆ ಹೋಗಿ, ಪಾಲು ಬಿಟ್ಟುಕೊಡುವ ಕಾಗದಕ್ಕೆ ರುಜು ಹಾಕಮ್ಮ ಎಂದು ತಂಗಿಯನ್ನು ಕೇಳಿದೆ. ಕಾಫಿ ಕೊಟ್ಟಳು. ಕಾಗದ ಪೂರ್ತಿ ಓದಿದಳು.

"ನನ್ನ ತಿಥೀಲಿ ಏನಡಿಗೆ ಮಾಡ್ಸಿದ್ರಿ ಅಣ್ಣಾ?"

"ವಡೆ, ಪಾಯಸ."

"ನೀನೂ ಉಂಡ್ಯಾ?"

ಸುಳ್ಳು ಬಾಯಿಗೆ ಬರಲಿಲ್ಲ. "ಉಂಡೆ ಕಣಮ್ಮ."

"ಉಣ್ಲಿಲ್ಲ ಅಂದಿದ್ರೆ ಈಗ್ಲೇ ರುಜು ಹಾಕ್ಬಿಡ್ತಿದ್ದೆ. ಕಾಫಿ ಕುಡಿ, ಆರೋಗ್ತದೆ" ಎಂದು ಕಾಗದ ಹಿಂದಕ್ಕೆ ಕೊಟ್ಟಳು.

ಆವತ್ತು ಪಾಯಸ ಎರಡು ಸಲ ಬಡಿಸಿಕೊಂಡಿದ್ದೆ. ಅದನ್ನು ಅವಳಿಗೆ ಹೇಳಲಿಲ್ಲ.