ಮಂಜಿನಲ್ಲಿ ಮಾತಾಡುವ ಕೆಲಸಕ್ಕೆ ನಮ್ಮ ಮನೆಯವರ ತಯಾರಿ

ಹಳಿಯಾಳದ ದಿಬ್ಬ,
ಉಳಿಕೆ ದಿನ, ೨೨೧೪

ಫೋನು ಕೈಯಲ್ಲಿ ಹಿಡಿದು ಕೆಲಸದ ಸಂದರ್ಶನಕ್ಕೆ ಕಾದು ಕುಳಿತಿರುವ ಹಿಂದಿನ ಕಾಲದ ಹಿರಿಯರಿಗೆ ಸಾವಂತ್ರೆವ್ವನ ಶರಣು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಕ್ಕುವುದಿಲ್ಲ, ಹುಡುಕಬೇಡಿ. ನಮ್ಮಲ್ಲಿ ತಿಂಗಳು ಹದಿಮೂರು, ಎಲ್ಲವೂ ಒಂದೇ ಅಳತೆಯವು. ಹಾಗೆ ಹಂಚಿದ ಮೇಲೂ ಒಂದು ದಿನ ಮಿಕ್ಕುತ್ತದೆ. ಯಾವ ತಿಂಗಳಿಗೂ ಸೇರದ ಆ ದಿನ ಹೋಳಿಗೆ ತಿಂದು ಹಿಂದಿನವರಿಗೆ ಪತ್ರ ಬರೆಯುವುದು ನಮ್ಮ ಪದ್ಧತಿ. ಪತ್ರ ನಿಮಗೆ ತಲುಪುತ್ತದೆಯೇ ಎಂದು ಕೇಳಿದರೆ ನಮ್ಮ ಶಾಲೆಯ ಮಾಸ್ತರರು ಮಾತು ಬದಲಿಸುತ್ತಾರೆ. ನನ್ನ ಕೆಲವು ಶಬ್ದಗಳು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಿಮ್ಮವೂ ನಮಗೆ ಹಾಗೇ ಅನ್ನಿಸುತ್ತವೆ.

ನಮ್ಮ ದಿಬ್ಬದ ಮೇಲೆ ತೇಲುಬಂಡಿಗಳು ಇಳಿಯುವ ಬಯಲಿದೆ. ತೇಲುಬಂಡಿ ಎಂದರೆ ದೊಡ್ಡದೊಂದು ಗಾಳಿಚೀಲದ ಕೆಳಗೆ ಸಾಮಾನು ತೂಗುಹಾಕಿಕೊಂಡು ಆಕಾಶದಲ್ಲಿ ಬರುವ ಗಾಡಿ. ಕಾರವಾರದಿಂದ ಉಪ್ಪು, ಒಣಮೀನು ಹೊತ್ತು ಬರುತ್ತದೆ, ಇಲ್ಲಿಂದ ಜೋಳ, ಮೆಣಸಿನಕಾಯಿ ಹೊತ್ತು ಹೋಗುತ್ತದೆ. ನಮ್ಮ ಮನೆಯವರು, ಮಡಿವಾಳಪ್ಪ, ಮೀಸೆ ಬಂದಾಗಿನಿಂದ ಆ ಬಯಲಿನಲ್ಲಿ ಕೈಸನ್ನೆಯವರಾಗಿದ್ದರು. ಎರಡು ಕೈಯಲ್ಲಿ ಎರಡು ಬಾವುಟ ಹಿಡಿದು ಬಂಡಿಗಳನ್ನು ನೆಲಕ್ಕೆ ಕರೆದುಕೊಳ್ಳುವುದು ಅವರ ಕೆಲಸ. ಈಚೆಗೆ ಮಂಜು ವಿಪರೀತವಾಗಿ ಬಾವುಟವೂ ಕಾಣುವುದಿಲ್ಲ, ಹಿಡಿದವರೂ ಕಾಣುವುದಿಲ್ಲ. ಆದ್ದರಿಂದ ಆ ಕೆಲಸವನ್ನೇ ತೆಗೆದು 'ಮಂಜುಮಾತಿನವರು' ಎಂಬ ಹೊಸ ಹುದ್ದೆ ಮಾಡಿದರು. ಮೇಲಿರುವವರಿಗೆ ಬರೀ ದನಿಯಲ್ಲಿ ದಾರಿ ಹೇಳಿ ಇಳಿಸಬೇಕು. ಇದ್ದದ್ದು ಒಂದೇ ಜಾಗ. ಅದು ಸಿಗದಿದ್ದರೆ ಇವರು ಉಗ್ರಾಣದೊಳಗೆ ಮೂಟೆ ಜೋಡಿಸುತ್ತ ಕೂರಬೇಕು, ಬಯಲಿಗೆ ಕಾಲಿಡುವಂತಿಲ್ಲ. ಬಂಡಿ ಬರುವ ಸದ್ದಿಗೆ ಊಟ ಬಿಟ್ಟು ಅಂಗಳಕ್ಕೆ ಓಡುವ ಮನುಷ್ಯ ಅದನ್ನು ಹೇಗೆ ತಡೆದುಕೊಂಡಾರು ಎಂಬುದೇ ನನ್ನ ಚಿಂತೆಯಾಗಿತ್ತು.

ದನಿಯ ಕೆಲಸಕ್ಕೆ ದನಿಯಲ್ಲೇ ಪರೀಕ್ಷೆ ಎಂದು ಸಂದರ್ಶನವನ್ನು ಫೋನಿನಲ್ಲಿ ಇಟ್ಟರು. ನಾವು ದೂರದವರೊಡನೆ ಮಾತಾಡುವುದು ಎದುರುಬಿಂಬದಲ್ಲಿ. ಅವರ ಆಕಾರ ನಮ್ಮ ಪಡಸಾಲೆಯಲ್ಲೇ ಬಂದು ನಿಲ್ಲುತ್ತದೆ, ಕೊಟ್ಟ ಚಹಾ ಕುಡಿಯುವುದಿಲ್ಲ ಅಷ್ಟೆ. ಮುಖ ಕಾಣದ ಫೋನನ್ನು ಗ್ರಂಥಾಲಯದ ಗಾಜಿನ ಕಪಾಟಿನಿಂದ ಕೇಳಿ ತಂದೆವು. ಓಣಿಯವರೆಲ್ಲ ಸರದಿಯಲ್ಲಿ ಅದನ್ನು ಕಿವಿಗಿಟ್ಟುಕೊಂಡು ನಕ್ಕರು.

ತೊಂದರೆ ಏನೆಂದರೆ ಇವರು ಮಾತಾಡುವುದೇ ಕೈಯಲ್ಲಿ. ಮಜ್ಜಿಗೆ ಬೇಕಾದರೆ ಒಂದು ಬೆರಳು, ಸಾಕಾದರೆ ಅಂಗೈ. ನನ್ನನ್ನು ನೋಡಲು ಬಂದಾಗ ಹುಡುಗಿ ಒಪ್ಪಿಗೆಯೋ ಎಂದು ಹಿರಿಯರು ಕೇಳಿದರೆ, ಬಂಡಿ ಇಳಿಸುವವರ ಹಾಗೆ ಎರಡೂ ಕೈ ನಿಧಾನವಾಗಿ ಕೆಳಗೆ ಮಾಡಿದರು. ಹುಡುಗನಿಗೆ ಮನಸ್ಸಿಲ್ಲ ಎಂದುಕೊಂಡು ನಮ್ಮಪ್ಪ ರುಮಾಲು ಕೊಡವಿ ಎದ್ದೇಬಿಟ್ಟಿದ್ದ. 'ಇಳಿಯಬಹುದು' ಎಂಬುದಕ್ಕೆ ಅದು ಗುರುತು ಎಂದು ಯಾರೋ ಬಿಡಿಸಿ ಹೇಳಿದ್ದರಿಂದ ನಾನು ಈ ಮನೆಗೆ ಬಂದೆ.

ಇಂಥವರನ್ನು ತಯಾರು ಮಾಡಲು ಓಣಿಯವರು ಸಂಜೆ ಸಂಜೆ ಬೆನ್ನುಕೂಟ ನಡೆಸಿದರು. ಅಂಗಳದಲ್ಲಿ ಎಲ್ಲರೂ ಇವರಿಗೆ ಬೆನ್ನು ಮಾಡಿ ಕೂರುವುದು, ಇವರು ಬಾಯಿಂದಲೇ ವಿಷಯ ತಿಳಿಸುವುದು. ಕೈ ಏಳಬಾರದೆಂದು ನಾನು ಎರಡು ಕೈಗೂ ಒಂದೊಂದು ತುಂಬಿದ ತಂಬಿಗೆ ಕೊಟ್ಟೆ. ಮೊದಲ ಸಂಜೆ ರೊಟ್ಟಿ ಬಡಿಯುವುದು ಹೇಗೆಂದು ಹೇಳಲು ಹೋಗಿ ಧೋತರವೆಲ್ಲ ತೊಯ್ಸಿಕೊಂಡರು. ಪಕ್ಕದ ಮನೆಯ ಹುಸೇನಬಿ ಕಣ್ಣು ಕಟ್ಟಿಕೊಂಡು ಇವರ ಮಾತಿನ ಮೇಲೆ ಅಂಗಳ ದಾಟುತ್ತೇನೆಂದು ಹಟ ಹಿಡಿದಳು. ಇವರು ಎಡಗೈ ತೋರಿಸಿದರು, ಬಾಯಿ ತೆಗೆಯಲಿಲ್ಲ, ಅವಳು ನೇರ ಕೋಳಿಗೂಡಿಗೆ ನುಗ್ಗಿದಳು. ಕೋಳಿಗಳ ಗದ್ದಲದಲ್ಲಿ ನಾವು ನಕ್ಕು ನಕ್ಕು ಸುಸ್ತಾದೆವು. ಹಾಗೆಂದು ಅವಳು ಬಿಡಲಿಲ್ಲ. ದಿನವೂ ಬಂದಳು, ದಿನವೂ ಇನ್ನೊಂದಿಷ್ಟು ದೂರ ನಡೆದಳು. ಕೊನೆಗೊಂದು ಸಂಜೆ ಇವರ ದನಿ ಹಿಡಿದು ತುಳಸಿಕಟ್ಟೆ ಬಳಸಿ ನನ್ನ ತನಕ ಬಂದು ಹೆಗಲು ಮುಟ್ಟಿದಳು. ನಮ್ಮ ಮನೆಯವರ ಮುಖ ಆಗ ನೋಡಬೇಕಿತ್ತು.

ಸಂದರ್ಶನದ ಬೆಳಿಗ್ಗೆ ಪದ್ಧತಿಯಂತೆ ಎಲ್ಲರೂ ಬೆನ್ನು ಮಾಡಿ ಕುಳಿತೆವು. ಇವರ ಎರಡೂ ಕೈಯಲ್ಲಿ ತುಂಬಿದ ತಂಬಿಗೆಗಳಿದ್ದವು, ಆದ್ದರಿಂದ ಫೋನನ್ನು ಮಣೆಯ ಮೇಲಿಟ್ಟು ದನಿ ದೊಡ್ಡದು ಮಾಡಿದ್ದೆವು. ಕೇಳುವ ಅಧಿಕಾರಿ ಒಬ್ಬ ಹೆಣ್ಣುಮಗಳು, ಧಾರವಾಡದ ಕಡೆಯ ಮಾತು. ಗಾಳಿ, ಎತ್ತರ, ತೂಕ ಎಂದು ಕೇಳಿದ್ದಕ್ಕೆಲ್ಲ ಇವರು ಸರಿಯಾಗಿಯೇ ಹೇಳಿದರು. ಆಮೇಲೆ ಆಕೆ, ಮಂಜಿನಲ್ಲಿ ಸಿಕ್ಕ ಬಂಡಿಯವನು ಅಂಜಿದರೆ ಅವನಿಗೆ ಏನು ಹೇಳುತ್ತೀರಿ ಎಂದು ಕೇಳಿದಳು. ಇವರ ದನಿ ನಿಂತುಹೋಯಿತು. ನೀರು ಚೆಲ್ಲಿದ ಸದ್ದು ಕೇಳಿತು. ಲೈನ್ ಕಡಿದಿದೆಯೇನು ಎಂದು ಆಕೆ ವಿಚಾರಿಸತೊಡಗಿದಳು. ನನಗೆ ತಡೆಯಲಾಗಲಿಲ್ಲ. ಪದ್ಧತಿ ಹಾಳಾಗಲಿ ಎಂದು ತಿರುಗಿ ಕುಳಿತೆ.

ಅವರು ನನ್ನನ್ನು ನೋಡಿದರು. ನೋಡುತ್ತಲೇ ಹೇಳಿದರು:

"ಅಂಜಬ್ಯಾಡ ಅಂತ ಹೇಳೂದಿಲ್ರೀ. ಹಂಗಂದ್ರ ಇನ್ನಷ್ಟು ಅಂಜತಾರ. ನಾ ಇಲ್ಲೇ ಅದೀನಿ, ನೀ ಇಳಿಯೂತನಕ ಎಲ್ಲೂ ಹೋಗೂದಿಲ್ಲ ಅಂತೀನಿ."

ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನಗೆ ಇಂಥದೊಂದು ಮಾತು ಬಾಯಿಬಿಟ್ಟು ಹೇಳಿರಲಿಲ್ಲ. ಕೇಳಿದ್ದು ಅಧಿಕಾರಿ, ಸಿಕ್ಕಿದ್ದು ನನಗೆ. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಆ ಕಡೆಯಿಂದ ಆಕೆ, ಯಾವಾಗಿನಿಂದ ಕೆಲಸಕ್ಕೆ ಬರುತ್ತೀರಿ ಎಂದು ಕೇಳಿದಳು. ಖುಷಿಯ ಭರದಲ್ಲಿ ಇವರು ಕಲಿತದ್ದೆಲ್ಲ ಮರೆತು ತಂಬಿಗೆ ಕೆಳಗಿಟ್ಟು ಬೆರಳೆತ್ತಿದರು. "ನಾಳಿಂದ ಬರತಾರ್ರೀ," ಎಂದು ನಾನೇ ಕೂಗಬೇಕಾಯಿತು. ಆಕೆ ನಗುತ್ತ, ಅದು ಯಾರ ದನಿ ಎಂದಳು. ನಮ್ಮ ಮನೆಯವರು ನಾಚಿಕೊಂಡು ನನ್ನ ಹೆಂಡತಿ ಎಂದರು. ಓಣಿಯವರು ಅಷ್ಟೊತ್ತಿಗೆ ಎದ್ದು ಕುಣಿಯುತ್ತಿದ್ದರು.

ಈಗ ಮಂಜು ಕವಿದ ಬೆಳಿಗ್ಗೆ ಅವರು ಬಯಲಲ್ಲಿ ನಿಂತು ಮಾತಾಡುತ್ತಾರೆ, ಬಂಡಿಗಳು ಒಂದೊಂದೇ ಇಳಿಯುತ್ತವೆ. ಹಿರಿಯರೇ, ನನ್ನದೊಂದು ಕೋರಿಕೆ. ಇಂಥ ಫೋನು ಬರುವಾಗ ನೀವು ಬಾಗಿಲು ಹಾಕಿಕೊಂಡು ಮನೆಯವರನ್ನು ಹೊರಗೆ ಕಳಿಸುತ್ತೀರಂತೆ. ಒಬ್ಬರನ್ನಾದರೂ ಎದುರಿಗೆ ಕೂರಿಸಿಕೊಳ್ಳಿ. ಕೂರಲು ಯಾರೂ ಇಲ್ಲದಿದ್ದರೆ ಈ ಪತ್ರವನ್ನು ಎದುರಿಗಿಟ್ಟುಕೊಳ್ಳಿ. ಅಂಜಬೇಡಿ ಎಂದು ನಾನು ಹೇಳುವುದಿಲ್ಲ. ನೀವು ಇಳಿಯುವ ತನಕ ಈ ಕಡೆಯಲ್ಲಿ ನಾವು ಇದ್ದೇವೆ.