ಬೆಟ್ಟಗೇರಿಯವರೆಗಿನ ಉಸಿರು

ಜೂನ್ 3, ಮಂಗಳವಾರ. ಮಧ್ಯಾಹ್ನ 2.30

ಡ್ಯೂಟಿ ಮುಗಿಯಿತು. ಹನ್ನೊಂದು ಬಿಪಿ, ನಾಲ್ಕು ಡ್ರಿಪ್. ಆರನೇ ಬೆಡ್ಡಿನವರನ್ನು ಹೊರಳಿಸುವಾಗ ಸೊಂಟ ಮತ್ತೆ ಹಿಡಿಯಿತು. ಡಿಸ್ಕ್ ಜಾರಿದೆ, ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿ ತಿಂಗಳಾಯಿತು. ಮೇಟ್ರನ್ ಇವತ್ತು ನೇರವಾಗಿಯೇ ಹೇಳಿದರು. "ಪೇಷೆಂಟ್ ಎತ್ತಕ್ಕಾಗಲ್ಲ ಅಂದ್ರೆ ವಾರ್ಡಲ್ಲಿ ಹೆಂಗೆ ಇಟ್ಕೊಳ್ಳಲಿ ದಿವ್ಯಶ್ರೀ? ಈ ತಿಂಗಳು ನೋಡೋಣ."

ಈ ತಿಂಗಳು ಅಂದರೆ ಇನ್ನು ಇಪ್ಪತ್ತೇಳು ದಿನ. ಆಮೇಲೆ? ಟೈಲರಿಂಗ್? ಇನ್ಶೂರೆನ್ಸ್ ಏಜೆಂಟ್? ಹದಿನಾರು ವರ್ಷ ನರ್ಸ್ ಆಗಿದ್ದವಳು ಯಾರ ಮನೆ ಬಾಗಿಲಲ್ಲಿ ನಿಂತು ಪಾಲಿಸಿ ಮಾರಲಿ…

ಜೂನ್ 5

ಮೋಕ್ಷಿತಾ ಫೋನ್ ಮಾಡಿದ್ದಳು. ಮೊದಲು ನಮ್ಮ ವಾರ್ಡಿನಲ್ಲೇ ಇದ್ದವಳು. ಈಗ ಮಡಿಕೇರಿಯಲ್ಲಿ ಮನೆಯಲ್ಲೇ ಕೂತು ಕೇಸ್ ಮ್ಯಾನೇಜರ್. ಡಿಸ್ಚಾರ್ಜ್ ಆದವರಿಗೆ ಫೋನ್ ಮಾಡುವುದು, ಮಾತ್ರೆ, ಊಟ, ಚೆಕಪ್ ವಿಚಾರಿಸುವುದು, ತೊಂದರೆ ಇದ್ದರೆ ಡಾಕ್ಟರಿಗೆ ತಿಳಿಸುವುದು. "ನೀವೂ ಅರ್ಜಿ ಹಾಕಿ ಅಕ್ಕಾ, ಒಂದು ಟ್ರಯಲ್ ಕಾಲ್ ಇರ್ತದೆ. ನೀವು ಹೆದರಿ ಹೆದರಿಯೇ ಪಾಸಾಗ್ತೀರಿ, ಬಿಡಿ."

ಎತ್ತುವುದಿಲ್ಲ, ಹೊರಳಿಸುವುದಿಲ್ಲ. ಆದರೆ ಕಂಪ್ಯೂಟರ್. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಫೇಲಾಗಿ ಎರಡು ವರ್ಷ ಶುಂಠಿ ಗದ್ದೆಗೆ ಹೋದವಳು ನಾನು. ಆಮೇಲೆ ಹೇಗೋ ಕಟ್ಟಿ ಪಾಸಾಗಿ ನರ್ಸಿಂಗ್ ಸೇರಿದ್ದು.

ಅತ್ತೆ ಕೇಳಿದರು, "ಅಲ್ಲ ಕಣವ್ವಾ, ಫೋನಲ್ಲಿ ಸೂಜಿ ಹೆಂಗೆ ಚುಚ್ತೀಯ?"

ಅರ್ಜಿ ಹಾಕಿದೆ.

ಜೂನ್ 11. ಬೆಳಿಗ್ಗೆ 6

ನಾಳೆ ಟ್ರಯಲ್. ನಿಜವಾದ ರೋಗಿಯೇ. ಅಲ್ಲಿನ ಸೂಪರ್‌ವೈಸರ್ ಕವನಾ ಮೇಡಂ ಅನ್ನುವವರು ಅದೇ ಲೈನಿನಲ್ಲಿ ಕೇಳುತ್ತಿರುತ್ತಾರಂತೆ. ಹದಿನಾಲ್ಕು ಪ್ರಶ್ನೆ, ಹದಿನೈದು ನಿಮಿಷ.

ವಾರ್ಡಿನಲ್ಲಾದರೆ ನಾಡಿ ನೋಡುವವಳಂತೆ ಕೈ ಹಿಡಿದಿರುತ್ತೇನೆ, ಕಣ್ಣು ಮಾತ್ರ ಎದೆಯ ಮೇಲೆ. ಉಸಿರು ಎಣಿಸುತ್ತಿದ್ದೇವೆಂದು ಗೊತ್ತಾದರೆ ಅವರ ಉಸಿರೇ ಬದಲಾಗುತ್ತದೆ. ಫೋನಿನಲ್ಲಿ ಎದೆ ಎಲ್ಲಿ ಕಾಣುತ್ತದೆ?

ಜೂನ್ 12. ಮಧ್ಯಾಹ್ನ

ಹಾಳು ಮಾಡಿಕೊಂಡೆ.

ಮಾಯಿಲಪ್ಪ, ಅರವತ್ತೆಂಟು, ಭಾಗಮಂಡಲದ ಕಡೆಯವರು. ಹಾರ್ಟ್ ವೀಕ್. ಮೊದಲು ಬಸ್ ಕಂಡಕ್ಟರ್. ಎಂಟನೇ ಪ್ರಶ್ನೆ — ಉಸಿರಾಟದ ತೊಂದರೆ ಇದೆಯೇ?

"ಎಂಥ ಇಲ್ಲ ಸಿಸ್ಟರೇ. ಚೆನ್ನಾಗಿದ್ದೇನೆ."

'ಇಲ್ಲ' ಒತ್ತಿ ಮುಂದೆ ಹೋಗಬೇಕಿತ್ತು. ಆದರೆ ಆ ಎರಡು ಮಾತಿನ ನಡುವೆ ಉಸಿರಿಗಾಗಿ ಒಂದು ತಡೆ. ಬಾಯಿಗೆ ಬಂದದ್ದು ಕೇಳಿಬಿಟ್ಟೆ. "ಮಡಿಕೇರಿಯಿಂದ ನಿಮ್ಮೂರಿಗೆ ಸ್ಟಾಪುಗಳು ಯಾವುವು? ಆಗ ಕೂಗ್ತಿದ್ದ ಹಾಗೇ ಹೇಳಿ."

ಖುಷಿಯಾಯಿತು ಅವರಿಗೆ. "ತಾಳತ್ತಮನೆ, ಅಪ್ಪಂಗಳ, ಬೆಟ್ಟಗೇರಿ…" ನಿಂತರು. ಉಸಿರು ಎಳೆದುಕೊಂಡರು. "ಮೊದಲು ಒಂದೇ ದಮ್ಮಿಗೆ ಭಾಗಮಂಡಲ ದಾಟಿ ಕರಿಕೆವರೆಗೂ ಕೂಗ್ತಿದ್ದೆ, ಗೊತ್ತುಂಟಾ?"

ಸೊಸೆಗೆ ಫೋನ್ ಕೊಡಿಸಿದೆ. ಎರಡು ದಿನದಿಂದ ಕೂತೇ ನಿದ್ದೆ, ಕಾಲು ಊದಿದೆ ಎಂದಳು. ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಎಂದೆ. ಅಷ್ಟರಲ್ಲಿ ಹದಿನೈದು ನಿಮಿಷ ಆಯಿತು. ಆರು ಪ್ರಶ್ನೆ ಖಾಲಿ, ಫಾರ್ಮ್ ಕೆಂಪಗೆ. ಕವನಾ ಮೇಡಂ "ಡಾಕ್ಟರಿಗೆ ನಾನು ಹೇಳ್ತೇನೆ" ಎಂದಷ್ಟೇ ಹೇಳಿ ಇಟ್ಟರು.

ಜೂನ್ 18

ಕವನಾ ಮೇಡಂ ಫೋನ್ ಇನ್ನೂ ಇಲ್ಲ. ಟೈಲರಿಂಗ್ ಕ್ಲಾಸಿನ ಬೋರ್ಡಿನ ಮುಂದೆ ಎರಡು ಸಲ ನಡೆದು ಬಂದೆ.

ಜೂನ್ 19. ಸಂಜೆ 5

ಕವನಾ ಮೇಡಂ. "ಫಾರ್ಮ್ ತುಂಬೋದು ಕಲೀಬೇಕು ದಿವ್ಯಶ್ರೀ. ಆರು ಖಾಲಿ ಬಿಟ್ಟಿದ್ದೀರಿ."

"ತಪ್ಪಾಯ್ತು ಮೇಡಂ."

"ಅವತ್ತೇ ಮಾಯಿಲಪ್ಪನವರನ್ನ ಅಡ್ಮಿಟ್ ಮಾಡಿದ್ರು. ಶ್ವಾಸಕೋಶದಲ್ಲಿ ನೀರು ಸೇರಿತ್ತು. ಈಗ ಪರವಾಗಿಲ್ಲ." ಆಮೇಲೆ, "ಆ ಬಸ್ಸಿನ ಪ್ರಶ್ನೆ ಎಲ್ಲಿ ಕಲಿತದ್ದು?"

ಎಲ್ಲೂ ಇಲ್ಲ ಎಂದೆ. ನಕ್ಕರು. ಒಂದನೇ ತಾರೀಕಿನಿಂದ ಟ್ರೈನಿಂಗ್.

ಅತ್ತೆಗೆ ಹೇಳಿದೆ. "ಸೂಜಿ ಇಲ್ದೇನೇ ಕೆಲ್ಸ ಕೊಟ್ರಾ?" ಎಂದು ಬೆಲ್ಲದ ಕಾಫಿ ಮಾಡಿಕೊಟ್ಟರು. ಇನ್ನು ಟೈಪಿಂಗ್ ಕಲಿಯಬೇಕು.

ಜುಲೈ 7, ಸೋಮವಾರ. ಬೆಳಿಗ್ಗೆ 9.25

ಟ್ರೈನಿಂಗ್ ಮುಗಿದು ಕೆಲಸದ ಮೊದಲ ದಿನ. ಸೊಂಟಕ್ಕೆ ದಿಂಬು. ಕರೆಂಟ್ ಇದೆ, ನೆಟ್ ಇದೆ, ಮೂರು ಸಲ ನೋಡಿದೆ.

ಲಿಸ್ಟಿನಲ್ಲಿ ಮೊದಲ ಹೆಸರು ಮಾಯಿಲಪ್ಪ. ನಾನು ಕೇಳುವ ಮೊದಲೇ ಶುರು ಮಾಡಿದರು. ತಾಳತ್ತಮನೆ, ಅಪ್ಪಂಗಳ, ಬೆಟ್ಟಗೇರಿ, ಚೇರಂಬಾಣೆ, ಚೆಟ್ಟಿಮಾನಿ. ಒಂದೇ ಉಸಿರು. "ಭಾಗಮಂಡಲಕ್ಕೆ ನಾಳೆ ಮುಟ್ಟಿಸ್ತೇನೆ ಸಿಸ್ಟರೇ."

ಹದಿನಾಲ್ಕೂ ತುಂಬಿದೆ. ಹಸಿರು.

ಎರಡನೆಯದು ಬೊಳ್ಳಮ್ಮ, ಎಪ್ಪತ್ತೊಂದು. ಅವರಿಗೂ ಹಾರ್ಟ್. ರಿಂಗ್ ಆಗುತ್ತಿದೆ. ಇವರು ಬಸ್ಸಿನವರಲ್ಲ, ಇವರಿಂದ ಒಂದೇ ಉಸಿರಿಗೆ ಏನು ಹೇಳಿಸಲಿ… ಮೊಮ್ಮಕ್ಕಳ ಹೆಸರು? ಎಷ್ಟು ಜನ ಇದ್ದಾರೋ — ಎತ್ತಿದರು